ಸಹಾಯ ಬೇಕು: ಅಪಾರ್ ಐಡಿಗೆ ಮಕ್ಕಳ ಹೆಸರು ತಾಳೆಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮುಂಬೈನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೇನೆ. ಅಪಾರ್ ಐಡಿ (ಪ್ರತಿ ವಿದ್ಯಾರ್ಥಿಗೆ ಕೊಡುವ ಶೈಕ್ಷಣಿಕ ಗುರುತಿನ ಸಂಖ್ಯೆ) ಕೆಲಸ ಬೇಗ ಮುಗಿಸಿ ಅಂತ ಮರಾಠಿಯಲ್ಲಿ ಮತ್ತೆ ಸುತ್ತೋಲೆ ಬಂದಿದೆ. ಆ 12 ಅಂಕಿಯ ನಂಬರ್ ಬರಬೇಕಾದರೆ ಶಾಲೆಗಳ ಮಾಹಿತಿ ತುಂಬುವ ಸರ್ಕಾರಿ ಪೋರ್ಟಲ್ ಯುಡೈಸ್ ಪ್ಲಸ್‌ನಲ್ಲಿರುವ ಹೆಸರು ಆಧಾರ್ ಜೊತೆ ಹೊಂದಬೇಕು ಅಲ್ವಾ, ನಾವು ಸಿಕ್ಕಿಹಾಕಿಕೊಂಡಿರುವುದೇ ಅಲ್ಲಿ. ಊರಲ್ಲಿ ಮಾಡಿಸಿದ ಆಧಾರ್‌ನಲ್ಲಿ ಬರೀ 'ಸಾವಿತ್ರಿ ಬಿ' ಅಂತಿರುತ್ತದೆ, ಇಲ್ಲಿನ ಶಾಲಾ ದಾಖಲಾತಿ ಪುಸ್ತಕವಾದ ಜನರಲ್ ರಿಜಿಸ್ಟರ್‌ನಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಮಗುವಿನ ಹೆಸರು, ಕೊನೆಗೆ ಅಪ್ಪನ ಹೆಸರು. ಪಾಲಕರಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕೂಲಿಯವರೇ ಜಾಸ್ತಿ. ಆಧಾರ್ ಕೇಂದ್ರದ ಸಾಲಲ್ಲಿ ನಿಂತರೆ ಅವತ್ತಿನ ಕೂಲಿ ಹೋಯಿತು. ಸುಮ್ನೆ ಅವರನ್ನು ಓಡಾಡಿಸಲು ನನಗೆ ಮನಸ್ಸಿಲ್ಲ.

ಪುಣೆ, ಸೊಲ್ಲಾಪುರ ಕಡೆಯ ಶಿಕ್ಷಕರೇ, ನೀವು ಆಧಾರ್ ತಿದ್ದಿಸಿದಿರಾ, ರಿಜಿಸ್ಟರ್ ತಿದ್ದಿದಿರಾ? ಯಾವ ದಾಖಲೆ ಜೋಡಿಸಿದಿರಿ? ಪಾಲಕರ ಒಪ್ಪಿಗೆ ಪತ್ರದ ಕನ್ನಡ ನಮೂನೆ ಇದ್ದರೆ ದಯವಿಟ್ಟು ಇಲ್ಲೇ ಹಾಕಿ. ಏನು ಬರೆದಿದೆ ಅಂತ ಓದಿ ತಿಳಿದುಕೊಂಡೇ ಅವರು ಸಹಿ ಮಾಡಬೇಕು.