ತೊಡಿ ಎಲುಬಿಗೆ ರಾಡ್ ಐತಿ, ಮೊಣಕಾಲು ಪೂರಾ ಮಡಚಂಗಿಲ್ಲ. ಮನ್ಯಾಗ ಎಷ್ಟು ವ್ಯಾಯಾಮ ಮಾಡಬೇಕು, ಎಲ್ಲಿ ನಿಲ್ಲಸಬೇಕು?

ಹೊಲಿಗಿ ಅಕ್ಕ, ಹಳೇ ಹುಬ್ಬಳ್ಳಿ:

ನಮಸ್ಕಾರ್ರಿ ಎಲ್ಲಾರಿಗೂ. ನನ್ನ ವಯಸ್ಸು 43. ಮನ್ಯಾಗ ಹೊಲಿಗಿ ಮಾಡ್ತೀನಿ, ಬ್ಲೌಸ್ ಹೆಚ್ಚು, ಹಬ್ಬದ ಮುಂದ ಹುಡುಗ್ಯಾರ ಲಂಗಾ ಪೋಲ್ಕಾ. ಎಂಟು ತಿಂಗಳ ಹಿಂದ ಗದಗ ರೋಡಿನ್ಯಾಗ ನಾಯಿ ಅಡ್ಡ ಬಂದು ನಮ್ಮ ಗಾಡಿ ಬಿತ್ತು. ಯಜಮಾನ್ರಿಗೆ ಕೈ ತರಚಿತು ಅಷ್ಟ. ನನ್ನ ಬಲಗಾಲ ತೊಡಿ ಎಲುಬು ನಡುವ ಮುರೀತು. ಆಪರೇಶನ್ ಮಾಡಿ ಒಳಗ ರಾಡ್ ಹಾಕ್ಯಾರ. ಎಕ್ಸರೇ ನೋಡಿ ಎಲುಬು ಕೂಡೇತಿ, ಪೂರಾ ಭಾರ ಹಾಕಿ ನಡೀರಿ ಅಂದಾರ ಡಾಕ್ಟರ್ರು. ಆದ್ರ ಕಾಲು ಅರ್ಧ ಇಂಚು ಗಿಡ್ಡ ಆಗೇತಿ. ಕುರ್ಚಿ ಮ್ಯಾಲ ಕೂತ್ರ ಪಾದ ಸ್ವಲ್ಪ ಮುಂದ ಚಾಚೇ ಇರತತಿ, ಅದಕ್ಕಿಂತ ಒಳಗ ಬರಂಗಿಲ್ಲ.

ನಮ್ಮ ಕಡೆ ಬಾಳೇವು ಎಲ್ಲಾ ನೆಲದ ಮ್ಯಾಲ. ರೊಟ್ಟಿ ಬಡಿಯೋದು ಕೂತು, ಉಣ್ಣೋದು ಕೂತು, ಬೀಗರು ಬಂದ್ರ ಚಾಪಿ ಹಾಸಿ ಮಾತಾಡೋದು. ಈಗ ನಾನೊಬ್ಬಾಕಿ ಮ್ಯಾಲ ಕುರ್ಚ್ಯಾಗ. ಮಗಳು ಗ್ಯಾಸ್ ಕಟ್ಟಿ ಮುಂದ ನಿಂತು ರೊಟ್ಟಿ ಬಡೀತಾಳ, ಬಡಿದು ಬಡಿದು ಆಕಿ ನಡಾನೂ ನೋಯಾಕತ್ತೇತಿ. ಅದನ್ನ ನೋಡಿದ್ರ ನನ್ನ ಕಾಲಿಗಿಂತ ಹೆಚ್ಚು ಸಂಕಟ ಆಗತತಿ.

ಡಿಸ್ಚಾರ್ಜ್ ದಿನ ಒಂದು ಹಾಳಿ ಕೊಟ್ರು. ಎಲ್ಲಾ ಇಂಗ್ಲಿಷ್, ನಡುವ ಕಡ್ಡಿ ಗೊಂಬಿ ಚಿತ್ರ. ದಿನಾ ಮಾಡ್ರಿ ಅಂದು ಎರಡು ನಿಮಿಷದಾಗ ಮುಂದಿನವರ ಕಡೆ ಹೋದ್ರು. ಯಾವ ನೋವು ತಡಕೋಬೇಕು, ಯಾವ ನೋವಿಗೆ ನಿಲ್ಲಸಬೇಕು ಅನ್ನೋದು ಆ ಹಾಳ್ಯಾಗ ಇರಲಿಲ್ಲ. ಐದನೇ ತಿಂಗಳಿಗೆ ಮಂದಿ ಮಾತು ಕೇಳಿ ಎಲುಬು ಕಟ್ಟೋರ ಕಡೆ ಹೋದ್ವಿ. ಎಣ್ಣಿ ಹಚ್ಚಿ ತಿಕ್ಕಿದ್ರು, ನಾನು ಚೀರಿದ್ರೂ ಬಿಡದ ಒತ್ತಿ ಮಡಚಿದ್ರು. ಹತ್ತು ದಿನ ಮೊಣಕಾಲು ತೆಂಗಿನಕಾಯಿ ಹಂಗ ಬಾತಿತ್ತು. ಅವತ್ತಿನಿಂದ ಕಾಲು ಮಡಚಬೇಕಂದ್ರ ಮೊದಲ ಕೈ ನಡಗತಾವ.

ಈಗ ನಾನು ಮಾಡೋದು ಇಷ್ಟು. ಮುಂಜಾನೆ ಮಂಚದ ಮ್ಯಾಲ ಹಳೇ ಕೌದಿ ಸುರುಳಿ ಸುತ್ತಿ ಮೊಣಕಾಲ ಕೆಳಗ ಇಡ್ತೀನಿ. ಅದನ್ನ ಅದುಮಿ ಹಿಡದು ಐದು ಎಣಸೋದು, ಬಿಡೋದು, ಹತ್ತು ಸಲ. ಆಮ್ಯಾಲ ಮಗಳ ಕೈ ಹಿಡದು ನೆಲಕ್ಕ ಇಳದು ಗ್ವಾಡಿಗೆ ಬೆನ್ನು ಹಚ್ಚಿ ಕೂಡ್ತೀನಿ. ನಮ್ಮನಿ ನೆಲ ಶಹಾಬಾದ ಕಲ್ಲಿಂದು, ನುಣ್ಣಗ ಐತಿ. ಹಿಮ್ಮಡಿ ಕೆಳಗ ಪ್ಲಾಸ್ಟಿಕ್ ಚೀಲ ಇಟ್ಟು ಕಾಲು ಮೆಲ್ಲಕ ನನ್ನ ಕಡೆ ಎಳಕೋತೀನಿ. ಎಲ್ಲಿ ತನಕ ಬಂತೋ ಅಲ್ಲೆ ಬಟ್ಟಿ ಗುರುತು ಹಾಕೋ ಚಾಕ್‌ಲೆ ಒಂದು ಗೆರಿ. ಟೇಪ್ ಹಿಡದ್ರ ಗ್ವಾಡಿಯಿಂದ ಹಿಮ್ಮಡಿಗೆ 29 ಇಂಚು. ಎಡಗಾಲು 18ಕ್ಕ ಬರತತಿ. ಹದಿನೈದು ದಿನ ಆತು, ಗೆರಿ ಅಲ್ಲೇ ಐತಿ, ಅದರ ಮ್ಯಾಲ ಅದ ಗೆರಿ.

ನಂದು ಕಾಲಿಲೆ ತುಳಿಯೋ ಮಷೀನ್. ಮೋಟರ್ ಕೂಡಸ್ರಿ ಅಂತಾರ ಎಲ್ಲಾರೂ. ಆದ್ರ ತುಳಿಯೋದು ವ್ಯಾಯಾಮ ಆಗತತೋ, ರಾಡಿಗೆ ಪೆಟ್ಟೋ? ಮನಿಯಿಂದ ಹೊರಗ ಹೋಗೋದು ಕಡಿಮಿ ಆಗೇತಿ. ನಿಮ್ಮ ಮೈಯಾಗ ಅನುಭವಿಸಿದ್ದು ಇದ್ರ ಹೇಳ್ರಿ.

ಲೆಕ್ಕದವ, ಬ್ಯಾಡಗಿ:

ಅಕ್ಕಾರ, ನನಗ ಎರಡು ವರ್ಷ ಇದ್ದಾಗ ಪೋಲಿಯೊ ಆಗಿ ಎಡಗಾಲು ಸೊರಗೇತಿ. ಮೆಣಸಿನಕಾಯಿ ಅಂಗಡ್ಯಾಗ ಲೆಕ್ಕ ಬರಿಯೋ ಕೆಲಸ. 2014ರಾಗ ನಮ್ಮ ದೇಶ ಪೋಲಿಯೊ ಮುಕ್ತ ಆತು, ಅವತ್ತು ಮನ್ಯಾಗ ಸಕ್ಕರಿ ಹಂಚೇನಿ. ಆದ್ರ ನಮ್ಮಂಥವರ ಮೈಯಾಗಿನ ಪೋಲಿಯೊ ಮುಗಿಯಂಗಿಲ್ಲ.

ನನ್ನ ತಪ್ಪು ಹೇಳ್ತೀನಿ. 46ನೇ ವಯಸ್ಸಿಗೆ ಹುರುಪಿನ್ಯಾಗ ಒಳ್ಳೆ ಕಾಲಿಗೂ ತೋಳಿಗೂ ದಿನಾ ಮುಂಜಾನಿ ಸಂಜಿ ಕಸರತ್ತು ಹಚ್ಚಿದೆ. ಸುಸ್ತಾದ್ರ ಬಲ ಬರತತಿ ಅಂತ ತಿಳದಿದ್ದೆ. ಮೂರು ತಿಂಗಳಿಗೆ ತುಂಬಿದ ಕೊಡ ಎತ್ತಾಕ ಆಗಲಿಲ್ಲ. ಆಮ್ಯಾಲ ಡಾಕ್ಟರ್ರು ತಿಳಿಸಿ ಹೇಳಿದ್ರು: ಪೋಲಿಯೊ ಆದಾಗ ಸತ್ತ ನರಗಳ ಕೆಲಸಾನ ಉಳಿದ ನರಗಳು ಹೊತ್ತಗೊಂಡು ಬಂದಾವ, ವಯಸ್ಸಾದ ಮ್ಯಾಲ ಅವನ್ನ ದಣಿಸಿದ್ರ ಇದ್ದ ಬಲಾನೂ ಹೋಗತತಿ ಅಂತ. ಈಗ ದಿನ ಬಿಟ್ಟು ದಿನ ಅರ್ಧ ಲೀಟರ್ ನೀರಿನ ಬಾಟ್ಲಿ ಹಿಡದು ಎಂಟು ಸಲ. ಇನ್ನೂ ಎರಡು ಮಾಡಬಹುದು ಅನ್ನಸಿದಾಗ ಬಾಟ್ಲಿ ಕೆಳಗ ಇಡ್ತೀನಿ. ನಿಮ್ಮದು ಮುರಿದ ಎಲುಬು, ನಂದು ನರದ್ದು, ಎರಡಕ್ಕೂ ಒಂದ ಲೆಕ್ಕ ಅಲ್ಲ. ಆದ್ರ ಒಬ್ಬರ ಎಣಿಕಿ ಇನ್ನೊಬ್ಬರಿಗೆ ಹಚ್ಚಬಾರದು ಅನ್ನೋದು ನಿಮಗೂ ಬೇಕು.

ಫಿಸಿಯೊ, ಧಾರವಾಡ:

ಅಕ್ಕಾ, ಮೊದಲು ಆ ಒತ್ತಿ ಮಡಚಿಸಿದ ವಿಷಯ. ದಯವಿಟ್ಟು ಇನ್ನೊಮ್ಮೆ ಯಾರ ಕೈಗೂ ಕಾಲು ಕೊಡಬೇಡಿ. ಜೋರಾಗಿ ತಿಕ್ಕಿ ಒತ್ತಿದರೆ ಮಾಂಸಖಂಡದೊಳಗೆ ರಕ್ತ ಕಟ್ಟಿಕೊಂಡು, ಕೆಲವೊಮ್ಮೆ ಅಲ್ಲೇ ಎಲುಬಿನಂಥ ಗಂಟು ಬೆಳೆಯುತ್ತದೆ. ಆಗ ಮೊಣಕಾಲು ಇನ್ನಷ್ಟು ಬಿಗಿ. ಇಂಥ ಪೆಟ್ಟಿನಲ್ಲಿ ಎಷ್ಟೋ ಸಲ ತೊಂದರೆ ಮೊಣಕಾಲಿನ ಕೀಲಲ್ಲಿ ಇರುವುದಿಲ್ಲ, ತೊಡೆಯ ಮುಂದಿನ ಸ್ನಾಯು ಮುರಿದ ಜಾಗಕ್ಕೆ ಅಂಟಿಕೊಂಡಿರುತ್ತದೆ. ಎಳೆದಾಗ ತೊಡೆಯ ಮುಂಭಾಗ ಜಗ್ಗಿದಂತೆ ಆಗುತ್ತದೆಯಾ, ನೋಡಿಕೊಳ್ಳಿ.

ನೋವಿನ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಹತ್ತಕ್ಕೆ ಮೂರು ನಾಲ್ಕರಷ್ಟು ಜಗ್ಗುವ ನೋವು ಇದ್ದರೆ ಇರಲಿ. ಮಾಡಿ ಮುಗಿಸಿ ಒಂದೆರಡು ತಾಸಿಗೆ ಇಳಿಯಬೇಕು. ಮರುದಿನ ಬೆಳಿಗ್ಗೆ ಮೊದಲಿಗಿಂತ ಹೆಚ್ಚು ನೋವು, ಬಾವು ಇದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು, ಇವತ್ತು ಅರ್ಧ ಮಾಡಿ. ಚುಚ್ಚುವ ನೋವು ಬಂದರೆ ಆ ಕ್ಷಣಕ್ಕೆ ನಿಲ್ಲಿಸಿ. ಒಂದೇ ಮೀನಖಂಡ ಬಾತು ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ. ಜೊತೆಗೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಕಾಯಲೇಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಗಾಯದ ಜಾಗದಲ್ಲಿ ಕೀವು, ಜ್ವರ ಕಂಡರೂ ಅವತ್ತೇ ತೋರಿಸಿ.

ನಿಮ್ಮ ಚಾಕ್ ಗೆರೆ ಬಹಳ ಒಳ್ಳೆಯ ಅಳತೆ. ಆದರೆ ದಿನಾ ಅಳೆಯಬೇಡಿ, ವಾರಕ್ಕೆ ಒಮ್ಮೆ ಸಾಕು. ಇನ್ನೊಂದು ಸೇರಿಸಿ: ಅಂಗಾತ ಮಲಗಿ ಕಾಲು ಮೇಲೆತ್ತಿ ಪಾದ ಗೋಡೆಗೆ ಹಚ್ಚಿ, ಸಾಕ್ಸ್ ಹಾಕಿಕೊಂಡು ಪಾದ ತನ್ನ ಭಾರಕ್ಕೆ ಕೆಳಗೆ ಜಾರಲು ಬಿಡಿ. ಎಡಗಾಲು ಪಕ್ಕದಲ್ಲಿ ಆಸರೆಗಿರಲಿ. ಯಾರೂ ಒತ್ತುವುದಿಲ್ಲ, ಕಾಲೇ ತನಗೆ ಬೇಕಾದಷ್ಟು ಮಡಚಿಕೊಳ್ಳುತ್ತದೆ. ನಿಮ್ಮ ಹೆದರಿಕೆಗೆ ಇದು ಹಿತ.

ಮಷೀನ್ ತುಳಿಯಿರಿ. ಎಲುಬು ಕೂಡಿದೆ, ಪೂರಾ ಭಾರ ಹಾಕಿ ಎಂದ ಮೇಲೆ ನಡೆಯುವಾಗ ಬೀಳುವ ಭಾರದ ಮುಂದೆ ಪೆಡಲ್ ತುಳಿಯುವುದು ಬಹಳ ಹಗುರ. ಮೊಣಕಾಲು ಅದರಿಂದ ಹೆಚ್ಚು ಮಡಚುವುದಿಲ್ಲ, ಆದರೆ ಕಣಕಾಲು ಆಡುತ್ತದೆ, ಮೀನಖಂಡ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಮೊದಲ ವಾರ ಬೆಲ್ಟ್ ಬಿಚ್ಚಿ ಬರೇ ಪೆಡಲ್ ತುಳಿಯಿರಿ, ಎರಡೂ ಪಾದ ಇಟ್ಟು, ಐದು ನಿಮಿಷ. ಸ್ಟೂಲು ಸ್ವಲ್ಪ ಎತ್ತರ ಮಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವಿಕಲರಿಗೂ ವಾರಕ್ಕೆ 150 ನಿಮಿಷದ ಗುರಿ ಹೇಳಿದೆ, ಅದರ ಜೊತೆಗೇ ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡಿದರೂ ಲಾಭ ಎಂದೂ ಹೇಳಿದೆ. 150 ಎಂಬ ಸಂಖ್ಯೆ ನೋಡಿ ಅಂಜಬೇಡಿ. ಇಷ್ಟಾದರೂ ಒಂದೆರಡು ತಿಂಗಳಲ್ಲಿ ಗೆರೆ ಸರಿಯದಿದ್ದರೆ ನಿಮ್ಮ ಸರ್ಜನ್ನರನ್ನೇ ಕೇಳಿ, ಅಂಟಿಕೊಂಡದ್ದನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಇದೆ.

ಮಗ್ಗದ ಮನಿ, ಬೆಟಗೇರಿ:

ನಾನು ಹುಣಸಿ ಗಿಡದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್‌ನ್ಯಾಗ ಆರು ವರ್ಷ. ಎದಿಯಿಂದ ಕೆಳಗ ಬೆವರು ಬರಂಗಿಲ್ಲ, ಅದಕ್ಕ ಬ್ಯಾಸಗಿಯಾಗ ಮೈ ತಣ್ಣಗಾಗೋದು ಕಷ್ಟ. ವ್ಯಾಯಾಮ ಏನಿದ್ರೂ ಬಿಸಲು ಏರೋದ್ರೊಳಗ. ಹಳೇ ಸೈಕಲ್ ಟ್ಯೂಬ್ ಕಿಟಕಿ ಸರಳಿಗೆ ಕಟ್ಟಿ ಜಗ್ಗತೀನಿ. ಅರ್ಧ ತಾಸಿಗೊಮ್ಮೆ ಎರಡೂ ಕೈ ಊರಿ ಕುಂಡಿ ಎತ್ತೋದು, ಹುಣ್ಣು ಆಗಬಾರದು ಅಂತ. ಆ ಎತ್ತೋದ ನನ್ನ ದೊಡ್ಡ ಕಸರತ್ತು. ಅಕ್ಕಾರ, ನೀವು ಹೊರಗ ಹೋಗೋದು ಬಿಡಬ್ಯಾಡ್ರಿ. ಹುಬ್ಬಳ್ಳಿಗೆ ಬಂದಾಗ ಹುಬ್ಬಳ್ಳಿ ಧಾರವಾಡ ನಡುವ ಓಡೋ ಚಿಗರಿ ಬಸ್ ಹತ್ತೇನಿ, ಪ್ಲಾಟ್‌ಫಾರ್ಮೂ ಬಸ್ಸಿನ ನೆಲಾನೂ ಒಂದ ಮಟ್ಟ. ನಿಮ್ಮ ಕಾಲಿಗೆ ಮೆಟ್ಟಲ ತ್ರಾಸ ಇಲ್ಲ. ಒಂದು ದಿನ ಉಣಕಲ್ ಕೆರಿ ತನಕ ಹೋಗಿ ಬರ್ರಿ.

ಹೊಲಿಗಿ ಅಕ್ಕ, ಹಳೇ ಹುಬ್ಬಳ್ಳಿ (ಆರು ವಾರದ ಮ್ಯಾಲ):

ಎಲ್ಲಾರಿಗೂ ಕೈ ಮುಗಿತೀನ್ರಿ. ಧಾರವಾಡದವರು ಕೇಳಿದ್ದು ಖರೆ, ಜಗ್ಗೋದು ತೊಡಿ ಮುಂದ. ಗ್ವಾಡಿ ವ್ಯಾಯಾಮ ಮೊದಲ ದಿನ ಮಾಡಿದಾಗ ಕಣ್ಣೀರು ಬಂತು, ನೋವಿಗಲ್ಲ, ಯಾರೂ ಒತ್ತದ ಕಾಲು ತಾನ ಕೆಳಗ ಇಳೀತಲ್ಲ ಅಂತ. ನಡುವ ಒಂದು ದಿನ ಆಶೆಕ್ಕ ಬಿದ್ದು ಮೂರು ಸಲ ಮಾಡಿದೆ, ಮರುದಿನ ಬಾತಿತ್ತು. ಬ್ಯಾಡಗಿ ಅಣ್ಣಾರ ಬಾಟ್ಲಿ ನೆನಪಾತು, ಎರಡು ದಿನ ಅರ್ಧಕ್ಕ ಇಳಸಿದೆ, ಬಾವು ಇಳೀತು.

ಮಷೀನ್ ಬೆಲ್ಟ್ ಹಾಕೇನಿ. ಸ್ಟೂಲಿನ ಮ್ಯಾಲ ಅದ ಕೌದಿ ನಾಕು ಮಡಕಿ ಮಾಡಿ ಹಾಕ್ಕೊಂಡು ಕೂಡ್ತೀನಿ. ಹದಿನೈದು ನಿಮಿಷ ತುಳದು ಎದ್ದು ಮನ್ಯಾಗ ಒಂದು ಸುತ್ತು ನಡೀತೀನಿ. ಮೊನ್ನೆ ಒಂದು ಪೂರಾ ಬ್ಲೌಸ್ ಎರಡು ದಿನದಾಗ ಮುಗಿಸಿದೆ. ಮೋಟರ್ ಸದ್ಯಕ್ಕ ಬ್ಯಾಡ ಅಂದೇನಿ. ಉಣಕಲ್ ಇನ್ನೂ ಆಗಿಲ್ಲ, ಮನಿಯಿಂದ ಬಸ್ ಸ್ಟಾಪ್ ತನಕ ಹೋಗಿ ಬಂದೇನಿ.

ಈ ಸೋಮವಾರ ಅಳದ್ರ 27½ ಇಂಚು. ಮಗಳು ನೆಲ ಒರಸುವಾಗ ಆ ಮೂಲಿ ಬಿಟ್ಟು ಒರಸತಾಳ, ಹಳೇ ಗೆರಿ 29ರದ್ದು ಹಂಗ ಇರಲಿ ಅಂತ.