ಖಾತೆಗೆ ಬಂದದ್ದೆಲ್ಲ ವಹಿವಾಟಾ? ಫೋಟೋ, ಕೆತ್ತನೆ, ವೇಷಭೂಷಣದವರ ಲೆಕ್ಕದ ಪ್ರಶ್ನೆಗಳು

(ಫೋಟೋ, ಡಿಸೈನ್, ಕರಕುಶಲ ಕೆಲಸ ಮಾಡುವ ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಗುಂಪು ಇದು. ಈ ವಾರ ಕಾರವಾರದ ಸಿಎ ಮೇಡಂ ಒಬ್ಬರು ಉತ್ತರ ಕೊಡುತ್ತಿದ್ದಾರೆ. ಲೆಕ್ಕವೆಲ್ಲ 2025-26ರದ್ದು.)

ಪ್ರಶ್ನೆ (ಶಿರಸಿ, ಮದುವೆ ಫೋಟೋ):
ಮೇಡಂ, ನಮಸ್ಕಾರ. ನನಗೆ ಇರೋದು ಒಂದೇ ಬ್ಯಾಂಕ್ ಖಾತೆ. ಮಾರ್ಚ್ ಕೊನೆಗೆ ನೋಡಿದರೆ ವರ್ಷದಲ್ಲಿ 22,70,000 ಜಮಾ ಆಗಿದೆ. ಅದರಲ್ಲಿ ಅಪ್ಪನ ಅಡಿಕೆ ದುಡ್ಡು 2,60,000, ಸ್ನೇಹಿತ ವಾಪಸ್ ಕೊಟ್ಟ ಕೈಸಾಲ 50,000. ನಗದಾಗಿ ಬಂದದ್ದು 70,000 ಇರಬಹುದು, ಅದನ್ನು ಖಾತೆಗೆ ಹಾಕಿಲ್ಲ. ಏಪ್ರಿಲ್, ಮೇ ಮದುವೆಗಳಿಗೆ ಅಂತ ತಗೊಂಡ ಅಡ್ವಾನ್ಸೇ 1,40,000 ಇದೆ. ಡ್ರೋನ್‌ನವನಿಗೆ, ಆಲ್ಬಮ್ ಲ್ಯಾಬಿಗೆ, ಇಬ್ಬರು ಹುಡುಗರಿಗೆ ಕೊಟ್ಟು ನನ್ನ ಕೈಲಿ ಉಳಿಯೋದು ಏಳೆಂಟು ಲಕ್ಷ ಅಷ್ಟೇ. ನನಗೆ ಜಿಎಸ್‌ಟಿ ಬೇಕಾ?

ಉತ್ತರ:
ಉಳಿದದ್ದೆಷ್ಟು ಅಂತ ಜಿಎಸ್‌ಟಿ ಕೇಳುವುದಿಲ್ಲ. ಗಿರಾಕಿಗೆ ಹೇಳಿದ ಮೊತ್ತ ಎಷ್ಟು ಅಂತ ಕೇಳುತ್ತದೆ. 85,000ಕ್ಕೆ ಮದುವೆ ಒಪ್ಪಿಕೊಂಡು, ಅದರಲ್ಲಿ ಡ್ರೋನಿಗೆ 8,000, ಲ್ಯಾಬಿಗೆ 18,000 ಕೊಟ್ಟರೂ ನಿಮ್ಮ ವಹಿವಾಟು 85,000ವೇ. ಈ ಗುಂಪಿನಲ್ಲಿ ಹತ್ತರಲ್ಲಿ ಎಂಟು ಜನ ತಪ್ಪು ತಿಳಿದುಕೊಂಡಿರುವುದು ಇದೊಂದನ್ನೇ.

ಈಗ ನಿಮ್ಮ ಲೆಕ್ಕ. ಅಪ್ಪನ ತೋಟದ ಅಡಿಕೆ ನಿಮ್ಮ ವಹಿವಾಟಲ್ಲ, ಅದನ್ನು ತೆಗೆಯಿರಿ. ಆದರೆ ವಖಾರಿ ಬಿಲ್ಲು ಅಪ್ಪನ ಹೆಸರಲ್ಲಿ ಇರಬೇಕು, ಅದನ್ನು ಜೋಪಾನ ಮಾಡಿ. ಕೈಸಾಲ ವಾಪಸ್ ಬಂದದ್ದೂ ಲೆಕ್ಕಕ್ಕಿಲ್ಲ. ಉಳಿಯಿತು 19,60,000. ಅದಕ್ಕೆ ನಗದು 70,000 ಸೇರಿಸಿ. ಒಟ್ಟು 20,30,000. ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ದಾಟಿದ್ದೀರಿ.

ಅಡ್ವಾನ್ಸ್ ಬಿಟ್ಟರೆ 18,90,000 ಆಗುತ್ತಲ್ಲ ಅಂತ ನೀವು ಕೇಳುತ್ತೀರಿ, ಗೊತ್ತು. ಆದರೆ ಸೇವೆಯ ವಿಷಯದಲ್ಲಿ ಅಡ್ವಾನ್ಸ್ ಕೈಗೆ ಬಂದ ದಿನವೇ ಜಿಎಸ್‌ಟಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನಾನಂತೂ ಮಿತಿ ನೋಡುವಾಗ ಅದನ್ನು ಸೇರಿಸಿಯೇ ನೋಡುತ್ತೇನೆ. ಮಿತಿ ದಾಟಿದ ದಿನದಿಂದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು.

ನಿಜವಾದ ತಲೆನೋವು ಇರೋದು ಆಮೇಲೆ. 85,000ಕ್ಕೆ ಮಾತಾಡಿ 25,000 ಅಡ್ವಾನ್ಸ್ ತಗೊಂಡಿದ್ದೀರಿ ಅಂತ ಇಟ್ಟುಕೊಳ್ಳಿ. ಮದುವೆ ಏಪ್ರಿಲ್ 26ಕ್ಕೆ. ಅಷ್ಟರಲ್ಲಿ ನಿಮಗೆ ನೋಂದಣಿ ಆಗಿರುತ್ತದೆ, ಬಾಕಿ 60,000ಕ್ಕೆ 18% ತೆರಿಗೆ ಬರುತ್ತದೆ. ಗಿರಾಕಿ "ಮಾತಾಗಿದ್ದೇ 85,000 ಅಲ್ವಾ" ಅಂದರೆ ಆ 60,000ದ ಒಳಗಿಂದಲೇ ಸುಮಾರು 9,150 ನೀವು ಕಟ್ಟಬೇಕು. ಒಂದು ಮದುವೆಗೆ ಇಷ್ಟಾದರೆ ಹತ್ತು ಮದುವೆಗೆ ಲೆಕ್ಕ ಹಾಕಿ. ಅದಕ್ಕೇ ತುಳಸಿ ಮದುವೆ ಮುಗಿದು ಬುಕಿಂಗ್ ಶುರುವಾಗುವಾಗಲೇ ಕೊಟೇಶನ್‌ನಲ್ಲಿ ಒಂದು ಸಾಲು ಬರೆದುಬಿಡಿ: "ಜಿಎಸ್‌ಟಿ ಅನ್ವಯವಾದರೆ ಪ್ರತ್ಯೇಕ". ವಾಟ್ಸಾಪಿನಲ್ಲಿ ಕಳಿಸಿದ ಕೊಟೇಶನ್ ಆದರೂ ನಡೆಯುತ್ತದೆ, ಗಿರಾಕಿ ಸರಿ ಅಂತ ಹೇಳಿದ್ದು ಅಳಿಸಬೇಡಿ.

ಇನ್ನೊಂದು ದಾರಿ ಇದೆ. 50 ಲಕ್ಷದೊಳಗಿನ ಸೇವೆಯವರಿಗೆ ಕಾಂಪೋಸಿಷನ್ ಅನ್ನುವ ಸರಳ ಜಿಎಸ್‌ಟಿ ಪದ್ಧತಿ, 6%. ಗಿರಾಕಿಯಿಂದ ತೆರಿಗೆ ಬೇರೆಯಾಗಿ ಕೇಳುವ ಹಾಗಿಲ್ಲ, ನಿಮ್ಮ ಕೈಯಿಂದ ಹೋಗಬೇಕು. 60,000ಕ್ಕೆ 3,600. ಕ್ಯಾಮೆರಾ ತಗೊಂಡಾಗ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್ ಸಿಗುವುದಿಲ್ಲ, ಅಂದ್ರೆ ಅದನ್ನು ನಿಮ್ಮ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಹೊರರಾಜ್ಯದ ಗಿರಾಕಿಗೆ ಸೇವೆ ಕೊಡುವ ಹಾಗೂ ಇಲ್ಲ, ಹಾಗಾಗಿ ಗೋವಾ ಕಡೆಯ ಮದುವೆ ಹಿಡಿಯುವವರು ಇದರ ಆಸೆ ಬಿಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೇ ಓಡಾಡುವವರಿಗೆ, ಈ ವರ್ಷ ದೊಡ್ಡ ಖರೀದಿ ಇಲ್ಲದಿದ್ದರೆ, ನನ್ನ ಮತ ಇದಕ್ಕೇ.

ಪ್ರಶ್ನೆ (ಅದೇ ಶಿರಸಿಯವರು):
ಹೆಂಡತಿ ಹೆಸರಲ್ಲಿ ಇನ್ನೊಂದು ಸ್ಟುಡಿಯೊ ಮಾಡಿ ಅರ್ಧ ಮದುವೆ ಅಲ್ಲಿಗೆ ಹಾಕಿದರೆ?

ಉತ್ತರ:
ಅವರೇ ಎಡಿಟಿಂಗ್ ಮಾಡುತ್ತಾರೆ, ಅವರದ್ದೇ ಗಿರಾಕಿ, ಅವರದ್ದೇ ಖಾತೆ ಅಂತಿದ್ದರೆ ಮಾಡಿ, ಸಂತೋಷ. ಅದೇ ಕ್ಯಾಮೆರಾ, ಅದೇ ಫೋನ್ ನಂಬರ್, ಬೋರ್ಡ್ ಮಾತ್ರ ಬೇರೆ ಅಂದ್ರೆ ಬೇಡ ಮಾರಾಯ್ರೇ. ಬೇಕಿದ್ದರೆ ಡ್ರೋನ್‌ನವನು, ಲ್ಯಾಬಿನವರು ಗಿರಾಕಿಗೆ ನೇರವಾಗಿ ಬಿಲ್ ಕೊಟ್ಟು ದುಡ್ಡು ತಗೊಳ್ಳಲಿ. ಆಗ ಅದು ನಿಮ್ಮ ವಹಿವಾಟಿಗೆ ಸೇರುವುದಿಲ್ಲ. ಕಾಗದದ ಮೇಲೆ ಮಾತ್ರ ಹಾಗೆ ತೋರಿಸಬೇಡಿ, ದುಡ್ಡು ನಿಜವಾಗಿಯೂ ಅವರಿಗೇ ಹೋಗಬೇಕು.

ಪ್ರಶ್ನೆ (ಅಂಕೋಲಾ, ಸ್ಟುಡಿಯೊ):
2025ರ ಜುಲೈನಲ್ಲಿ ಯುಪಿಐ ನೋಡಿ ಬೇಕರಿ, ಟೀ ಅಂಗಡಿಯವರಿಗೆಲ್ಲ ನೋಟಿಸ್ ಬಂತಲ್ಲ. ಆಗಿಂದ ನಾನು ಕ್ಯೂಆರ್ ಕಿತ್ತು ನಗದೇ ತಗೊಳ್ತಿದ್ದೇನೆ. ಸೇಫ್ ಅಲ್ವಾ?

ಉತ್ತರ:
ಅಲ್ಲ. ನಗದೂ ವಹಿವಾಟೇ. ಮೇಲಾಗಿ ನಿಮಗೇ ನಷ್ಟ. ಆದಾಯ ತೆರಿಗೆಯಲ್ಲಿ 44ಎಡಿ ಅಂತ ಒಂದು ಸೆಕ್ಷನ್ ಇದೆ. ಪುಸ್ತಕ ಇಡದೆ, ವಹಿವಾಟಿನ ಇಷ್ಟು ಪರ್ಸೆಂಟ್ ಲಾಭ ಅಂತ ತೋರಿಸುವ ಪದ್ಧತಿ. ಬ್ಯಾಂಕ್, ಯುಪಿಐ ಮೂಲಕ ಬಂದದ್ದಕ್ಕೆ ಕನಿಷ್ಠ 6%, ನಗದಿಗೆ 8%. ಮದುವೆ ಫೋಟೋದವರು ಸಾಮಾನ್ಯವಾಗಿ ಇದರಲ್ಲೇ ರಿಟರ್ನ್ ಹಾಕುತ್ತಾರೆ, ಅದರ ಫಾರ್ಮ್ ಐಟಿಆರ್-4.

ಕನಿಷ್ಠ ಅನ್ನುವ ಪದ ಗಮನಿಸಿ. ನಿಜವಾದ ಲಾಭ 35% ಇದ್ದರೆ 35% ಬರೆಯಿರಿ. 6% ಬರೆದು ಸಣ್ಣ ಆದಾಯ ತೋರಿಸಿ, ಆಮೇಲೆ ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ "ನನ್ನ ದುಡಿಮೆ ಜಾಸ್ತಿ ಇದೆ ಸರ್" ಅಂದರೆ ಅವರು ರಿಟರ್ನನ್ನೇ ತೋರಿಸುತ್ತಾರೆ. ಹೇಗೂ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ (ನ್ಯೂ ರೆಜೀಮ್) ಒಟ್ಟು ಆದಾಯ 12 ಲಕ್ಷದವರೆಗೆ ರಿಬೇಟಿನಿಂದ, ಅಂದ್ರೆ ತೆರಿಗೆ ರಿಯಾಯಿತಿಯಿಂದ, ತೆರಿಗೆ ಸೊನ್ನೆಯಾಗುತ್ತದೆ, ಸುಮ್ನೆ ಯಾಕೆ ಮುಚ್ಚಿಡುವುದು? ಆದರೆ ತೆರಿಗೆ ಸೊನ್ನೆ ಅಂತ ರಿಟರ್ನ್ ಬಿಡಬೇಡಿ, ಆದಾಯ 4 ಲಕ್ಷ ದಾಟಿದರೆ ಹಾಕಲೇಬೇಕು. ಮತ್ತೆ 44ಎಡಿಯಲ್ಲಿ ಕ್ಯಾಮೆರಾ ಸವಕಳಿ (ಹಳತಾದಂತೆ ಇಳಿಯುವ ಬೆಲೆ), ಇಎಂಐ ಬಡ್ಡಿ ಯಾವುದನ್ನೂ ಬೇರೆಯಾಗಿ ಕಳೆಯಲು ಬರುವುದಿಲ್ಲ.

ಪ್ರಶ್ನೆ (ಕಾರವಾರ, ಮರದ ಕೆತ್ತನೆ ಮತ್ತು ಟೀ ಶರ್ಟ್):
ಮೇಡಂ, ನಾವು ಮನೆಯವರೇ ಸೇರಿ ಮರದ ಸಣ್ಣ ಪೆಟ್ಟಿಗೆ, ಗೊಂಬೆ ಕೆತ್ತುತ್ತೇವೆ. ಜೊತೆಗೆ ಕಡಲಿನ ಚಿತ್ರ ಪ್ರಿಂಟ್ ಮಾಡಿಸಿದ ಟೀ ಶರ್ಟ್ ಮಾರುತ್ತೇವೆ. ವರ್ಷಕ್ಕೆ ಒಟ್ಟು 6 ಲಕ್ಷವೂ ಇಲ್ಲ. ಗೋವಾದ ಪಾಳೊಳೆಮಿನ ಎರಡು ಅಂಗಡಿಯವರು ಮಾಲು ಕೇಳ್ತಿದ್ದಾರೆ. 40 ಲಕ್ಷದವರೆಗೆ ಜಿಎಸ್‌ಟಿ ಇಲ್ಲ ಅಂತಾರಲ್ಲ, ಕಳಿಸಬಹುದಾ?

ಉತ್ತರ:
ಅಕ್ಕಾ, ಒಳ್ಳೇದಾಯ್ತು ಕಳಿಸುವ ಮೊದಲೇ ಕೇಳಿದಿರಿ. ಆ 40 ಲಕ್ಷ ನಮ್ಮ ರಾಜ್ಯದೊಳಗೆ ಬರೀ ಸರಕು ಮಾರುವವರಿಗೆ. ಗಡಿಯ ಮಾಜಾಳಿ ದಾಟಿ ಗೋವಾಕ್ಕೆ ಮಾಲು ಹೋದರೆ ಅದು ಅಂತರರಾಜ್ಯ ಮಾರಾಟ. ಅಲ್ಲಿ ಮಿತಿಯೇ ಇಲ್ಲ, ಮೊದಲ ರೂಪಾಯಿಗೇ ನೋಂದಣಿ ಬೇಕು. ನಮಗೆ ಗೋವಾದ ಕಾಣಕೋಣ ಪಕ್ಕದ ಊರು, ಕಾನೂನಿಗೆ ಅದು ಬೇರೆ ರಾಜ್ಯ.

ಆದರೆ ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ. ಸರ್ಕಾರ ಹೊರಡಿಸಿದ ಪಟ್ಟಿಯಲ್ಲಿ ಇರಬೇಕು, ಮುಖ್ಯವಾಗಿ ಕೈಯಿಂದಲೇ ಮಾಡಿದ್ದಾಗಿರಬೇಕು. ಮರದ ಕೆತ್ತನೆ ಅದರಲ್ಲಿದೆ. 20 ಲಕ್ಷದವರೆಗೆ ನೋಂದಣಿ ಇಲ್ಲದೆ ಹೊರರಾಜ್ಯಕ್ಕೂ ಮಾರಬಹುದು. ಪ್ಯಾನ್ ಇರಬೇಕು. ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಚೀಟಿ) ಕೂಡ ಬೇಕು. 50,000ದ ಒಳಗಿನ ಮಾಲಿಗೆ ಬೇಡ ಅಂತ ಟೆಂಪೊದವರು ಹೇಳುತ್ತಾರೆ, ಅದು ಉಳಿದವರಿಗೆ. ಈ ವಿನಾಯಿತಿಯಲ್ಲಿ ಹೋಗುವ ಮಾಲಿಗೆ ಬೆಲೆ ಎಷ್ಟೇ ಇರಲಿ ಬೇಕೇ ಬೇಕು.

ಟೀ ಶರ್ಟಿಗೆ ಈ ವಿನಾಯಿತಿ ಸಿಗುವುದಿಲ್ಲ, ಅದು ಮಿಷನ್ ಪ್ರಿಂಟು. ಹತ್ತೇ ಪೀಸ್ ಕಳಿಸಿದರೂ ನೋಂದಣಿ ಬೇಕಾಗುತ್ತದೆ. ನಾನಾಗಿದ್ದರೆ ಗೋವಾಕ್ಕೆ ಕೆತ್ತನೆ ಮಾತ್ರ ಕಳಿಸಿ, ಟೀ ಶರ್ಟನ್ನು ಇಲ್ಲೇ ಬೀಚಿನ ಹತ್ತಿರ, ಗೋಕರ್ಣದಲ್ಲಿ ಮಾರುತ್ತಿದ್ದೆ. ಗೋವಾದ ಪ್ರವಾಸಿ ನಿಮ್ಮ ಅಂಗಡಿಗೇ ಬಂದು ಕೊಂಡರೆ ಚಿಂತೆಯಿಲ್ಲ, ಅದು ಇಲ್ಲಿನ ಮಾರಾಟವೇ.

ನೋಂದಣಿ ಇಲ್ಲದವರು ಬಿಲ್ಲಿನ ಮೇಲೆ ಜಿಎಸ್‌ಟಿ ಅಂತ ಬರೆಯಬಾರದು, ವಸೂಲಿ ಮಾಡಲೂಬಾರದು. ನಂಬರ್ ಹಾಕಿದ ಸಾದಾ ಬಿಲ್ ಪುಸ್ತಕ ಸಾಕು.

ಪ್ರಶ್ನೆ (ಹೊನ್ನಾವರ, ಯಕ್ಷಗಾನ):
ನಾನು ವೇಷವನ್ನೂ ಮಾಡ್ತೇನೆ, ಶಾಲೆ, ಸಂಘಗಳಿಗೆ ವೇಷಭೂಷಣ ಬಾಡಿಗೆಗೂ ಕೊಡ್ತೇನೆ. ಕಲಾವಿದರಿಗೆ ತೆರಿಗೆ ಇಲ್ಲ ಅಂತ ಕೇಳಿದ್ದೇನೆ, ಹೌದಾ?

ಉತ್ತರ:
ಅರ್ಧ ಹೌದು. ಜಾನಪದ, ಶಾಸ್ತ್ರೀಯ ಕಲೆಯ ಪ್ರದರ್ಶನಕ್ಕೆ ಕಲಾವಿದ ತಗೊಳ್ಳುವ ಸಂಭಾವನೆ ಒಂದು ಪ್ರದರ್ಶನಕ್ಕೆ 1.5 ಲಕ್ಷದೊಳಗಿದ್ದರೆ ಜಿಎಸ್‌ಟಿ ಇಲ್ಲ. ಆದಾಯ ತೆರಿಗೆಗೆ ಇದು ಸಂಬಂಧವಿಲ್ಲ, ಅಲ್ಲಿ ಸಂಭಾವನೆಯನ್ನೂ ತೋರಿಸಬೇಕು. ವೇಷಭೂಷಣದ ಬಾಡಿಗೆ ಬೇರೆ ವಿಷಯ, ಅದಕ್ಕೆ ವಿನಾಯಿತಿ ಇಲ್ಲ. 20 ಲಕ್ಷದ ಮಿತಿ ನೋಡುವಾಗ ಸಂಭಾವನೆ, ಬಾಡಿಗೆ ಎರಡೂ ಸೇರುತ್ತವೆ. ನೀವು ಅಷ್ಟು ದೂರ ಹೋಗುವುದಿಲ್ಲ ಬಿಡಿ, ಆದರೂ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿಡಿ.

ಪುಸ್ತಕ ಇಟ್ಟು ಲೆಕ್ಕ ಹಾಕುವವರಾದರೆ, ಕಿರೀಟಕ್ಕೆ ಕನ್ನಡಿ ಚೂರು ಬದಲಾಯಿಸಿದ್ದು, ಹರಿದ ಅಂಗಿ ಹೊಲಿಸಿದ್ದು ಆ ವರ್ಷದ ಖರ್ಚು. ಹೊಸ ಕಿರೀಟ, ಭುಜಕೀರ್ತಿಯ ಸೆಟ್ ಮಾಡಿಸಿದ್ದು ಆಸ್ತಿ, ಅದಕ್ಕೆ ವರ್ಷವರ್ಷ ಸವಕಳಿ. ಮಾಡಿಕೊಟ್ಟವರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಡಬೇಡಿ, ಆ ದುಡ್ಡು ಲೆಕ್ಕಕ್ಕೆ ಹಿಡಿಯದೆ ಹೋಗುತ್ತದೆ.

ಪ್ರಶ್ನೆ (ಕುಮಟಾ, ಡಿಸೈನರ್):
ಒಂದು ರೆಸಾರ್ಟಿಗೆ ಬೋರ್ಡು, ಮೆನು ಎಲ್ಲ ಡಿಸೈನ್ ಮಾಡಿಕೊಟ್ಟೆ. ಬಿಲ್ 60,000. ಟಿಡಿಎಸ್ ಅಂತ 6,000 ಕಡಿದು ಅರ್ಧ ಕೊಟ್ಟರು, ಉಳಿದದ್ದು "ಮಳೆಗಾಲ ಕಳೆಯಲಿ" ಅಂತಾರೆ.

ಉತ್ತರ:
ಟಿಡಿಎಸ್ ಅಂದ್ರೆ ದುಡ್ಡು ಕೊಡುವವರೇ ಮೊದಲೇ ಕಡಿದು ನಿಮ್ಮ ಹೆಸರಲ್ಲಿ ಕಟ್ಟುವ ಆದಾಯ ತೆರಿಗೆ, ಆ 6,000 ನಿಮ್ಮದೇ ದುಡ್ಡು. ಆದಾಯ ತೆರಿಗೆ ಪೋರ್ಟಲಿನಲ್ಲಿ 26ಎಎಸ್ (ನಿಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ತೆಗೆದು ನಿಮ್ಮ ಪ್ಯಾನಿಗೆ ಬಂದಿದೆಯಾ ನೋಡಿ. ಬಂದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಬಂದಿಲ್ಲ ಅಂದ್ರೆ ಕಡಿದು ಕಟ್ಟಿಲ್ಲ, ಇಲ್ಲವೇ ಅವರ ಟಿಡಿಎಸ್ ರಿಟರ್ನಿನಲ್ಲಿ ಇನ್ನೂ ಸರಿಯಾಗಿ ತೋರಿಸಿಲ್ಲ ಅಂತ ಅರ್ಥ, ಅವರ ಅಕೌಂಟೆಂಟಿಗೆ ಇವತ್ತೇ ಮೇಲ್ ಹಾಕಿ.

ಬಾಕಿ ವಿಷಯಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿಕೊಳ್ಳಿ. ಸರ್ಕಾರಿ ಪೋರ್ಟಲಿನಲ್ಲಿ ಪೂರ್ತಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ನೋಂದಾಯಿಸಿದ ಸಣ್ಣ ಉದ್ಯಮಕ್ಕೆ ಬರಹದ ಕರಾರು ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಕೊಡದಿದ್ದರೆ, ಕೊಟ್ಟ ವರ್ಷದವರೆಗೆ ಅವರು ಅದನ್ನು ಖರ್ಚು ಅಂತ ತೋರಿಸಲು ಬರುವುದಿಲ್ಲ. ನೋಂದಣಿಗೆ ಮೊದಲು ಮುಗಿಸಿದ ಈ ಕೆಲಸಕ್ಕೆ ಇದನ್ನು ಹಿಡಿದು ವಾದ ಮಾಡುವುದು ಕಷ್ಟ, ಮುಂದಿನ ಬಿಲ್ಲಿನಿಂದ ಉದ್ಯಮ್ ನಂಬರ್ ಮೇಲೆಯೇ ಹಾಕಿ. ಮತ್ತೆ ಅವರಿಗೆ ಹೊಸ ಕೆಲಸ ಮಾಡುವ ಮೊದಲು ಹಳೆಯ ಬಾಕಿ ಕೇಳಿ.