ಚರಂಡಿ ಕೆಲಸದವರಿಗೆ ಬಟವಾಡೆ ಆಗಿಲ್ಲ, ಮೇಸ್ತ್ರಿ ನಾಪತ್ತೆ. ಯಾರನ್ನು ಹಿಡಿಯಬೇಕು?

ಹೊರಮಾವು ಮನೆಯಾಕೆ (ಪ್ರಶ್ನೆ):

ನಮ್ಮ ಮನೆ ಬೆಂಗಳೂರಿನ ಹೊರಮಾವು ಕಡೆ. ಅಡ್ಡರಸ್ತೆಯಲ್ಲಿ ಮಳೆನೀರು ಚರಂಡಿ ಕೆಲಸ ಶುರುವಾಗಿ ಮೂರ್ನಾಲ್ಕು ತಿಂಗಳಾಯಿತು. ಎದುರಿನ ಖಾಲಿ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡು ಕೆಲಸದವರು ಇದ್ದಾರೆ. ಏಳು ಸಂಸಾರ ಯಾದಗಿರಿ ಕಡೆಯವರು, ಅಗೆಯುವುದು, ಮಣ್ಣು ಹೊರುವುದು ಅವರ ಕೆಲಸ. ಜೊತೆಗೆ ಹತ್ತು ಹನ್ನೆರಡು ಹುಡುಗರು ಪಶ್ಚಿಮ ಬಂಗಾಳದ ಮಾಲ್ಡಾದವರು. ಕಂಬಿ ಕಟ್ಟುವುದು, ಸೆಂಟ್ರಿಂಗ್ ಎಲ್ಲ ಅವರದ್ದು.

ಎರಡು ವಾರದಿಂದ ಕೆಲಸ ನಿಂತಿದೆ. ಕರೆದುಕೊಂಡು ಬಂದ ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಸಂಕ್ರಾಂತಿಯಿಂದ ಲೆಕ್ಕ ಚುಕ್ತಾ ಆಗಿಲ್ಲವಂತೆ. ವಾರಕ್ಕೊಮ್ಮೆ ಖರ್ಚಿ ಅಂತ ಐನೂರೋ ಸಾವಿರವೋ ಕೈಗೆ ಬಂದಿದೆ, ಅಷ್ಟೆ. ನಿನ್ನೆ ಅವರಲ್ಲಿ ಒಬ್ಬ ಹೆಂಗಸು ನೀರಿಗೆ ಗೇಟಿನ ಹತ್ತಿರ ಬಂದಿದ್ದರು. ಊರಿಗೆ ಹೋಗಲ್ವಾ ಅಂತ ಕೇಳಿದೆ. "ನಮಗ ಆಧಾರ್ ತೋರಿಸಿದ್ರ ಬಸ್ ಫ್ರೀ ಅದ ರೀ ಅಕ್ಕಾರ. ಆದ್ರ ಹೋದ್ರ ರೊಕ್ಕ ಬಿಟ್ಟಂಗ ಆಗ್ತದಲ್ರೀ?" ಅಂದರು.

ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಅಕ್ಕಿ ಮೂಟೆ ಕೊಡೋಣ ಅನ್ನುತ್ತಾರೆ. ಇನ್ನೊಬ್ಬರು ಶೆಡ್ ತೆಗೆಸಿ ಅನ್ನುತ್ತಾರೆ, ಸೊಳ್ಳೆ ಬರುತ್ತಂತೆ. ನನಗೆ ಬೇಕಿರುವುದು ಒಂದೇ. ದುಡಿದ ದುಡ್ಡು ಅವರಿಗೆ ಸಿಗಬೇಕಾದರೆ ಯಾರ ಹತ್ತಿರ ಹೋಗಬೇಕು? ನಾನು ತಲೆ ಹಾಕಿದರೆ ಅವರಿಗೇ ತೊಂದರೆ ಆಗುತ್ತಾ?

ಕೆ.ಆರ್.ಪುರದವ:

ಪೊಲೀಸ್ ಸ್ಟೇಷನ್‌ಗೆ ಹೋದರೆ ಸಿವಿಲ್ ವಿಷಯ ಅಂತ ವಾಪಸ್ ಕಳಿಸುತ್ತಾರೆ. ನಮ್ಮ ಕಡೆ ಕೇಬಲ್ ಗುಂಡಿ ತೋಡಿದವರಿಗೆ ಹೀಗೇ ಆಗಿತ್ತು. ಕೊನೆಗೆ ಅವರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಗುಂಡಿ ಮಾತ್ರ ಮಳೆಗಾಲದವರೆಗೂ ಹಾಗೇ ಇತ್ತು.

ಲಿಂಗಸುಗೂರು ಟೈಮ್ ಕೀಪರ್:

ಮೇಡಂ, ಅಕ್ಕಿ ಮೂಟೆ ಆಮೇಲೆ ನೋಡೋಣ. ಮೊದಲು ಹಾಜರಿ ಎಲ್ಲಿ ಬರೆದಿದ್ದಾರೆ ಕೇಳಿ.

ನಾನು ರಾಯಚೂರು ಜಿಲ್ಲೆಯವನು. ಅಪ್ಪ ಅವ್ವನ ಜೊತೆ ಗುಳೆ ಬಂದು ಈ ಊರು ನೋಡಿದವನು. ಪಿಯುಸಿ ಆದ ಮೇಲೆ ಸೈಟುಗಳಲ್ಲಿ ಟೈಮ್ ಕೀಪರ್ ಆಗಿದ್ದೆ. ಬೆಳಿಗ್ಗೆ ಹಾಜರಿ ಹಾಕುವುದು, ರಾತ್ರಿ ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಬರೆಯುವುದು, ಶನಿವಾರ ಖರ್ಚಿ ಲೆಕ್ಕ ಕೂಡಿಸುವುದು. ಈಗ ಅದು ಬಿಟ್ಟಿದ್ದೇನೆ. ಆದರೆ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಚೆನ್ನಾಗಿ ಗೊತ್ತು.

ಕೆಲಸ ಆಗಿರುವುದು ಒಬ್ಬ ಗುತ್ತಿಗೆದಾರನ ಹೆಸರಿಗೆ. ಅವನು ಇನ್ನೊಬ್ಬನಿಗೆ ಸಬ್, ಅಂದರೆ ಉಪಗುತ್ತಿಗೆ, ಕೊಟ್ಟಿರುತ್ತಾನೆ. ಸಬ್‌ನವನು ಮೀಟರ್ ಲೆಕ್ಕದಲ್ಲಿ ಮೇಸ್ತ್ರಿಗೆ ವಹಿಸುತ್ತಾನೆ. ಮೇಸ್ತ್ರಿ ತನ್ನೂರಿಗೆ ಹೋಗಿ ಮುಂಗಡ ಕೊಟ್ಟು ಜನ ಕರೆತರುತ್ತಾನೆ. ಮೇಲೆ ಬಿಲ್ ಪಾಸಾಗುವುದು ತಡ. ಅಲ್ಲಿವರೆಗೆ ಪ್ರತಿಯೊಬ್ಬನೂ ತನ್ನ ಕೆಳಗಿನವನ ದುಡ್ಡಲ್ಲೇ ಕೆಲಸ ಓಡಿಸುತ್ತಾನೆ. ಕಟ್ಟಕಡೆಗೆ ಈ ಊರಿನ ಚರಂಡಿಗೆ ಬಡ್ಡಿ ಇಲ್ಲದೆ ಸಾಲ ಕೊಟ್ಟಿರುವವರು ನಿಮ್ಮ ಗೇಟಿಗೆ ನೀರಿಗೆ ಬಂದ ಆ ಹೆಣ್ಣುಮಗಳು.

ಮೇಸ್ತ್ರಿ ಓಡಿಹೋದ ಅಂತ ಈಗಲೇ ತೀರ್ಮಾನ ಮಾಡಬೇಡಿ. ಅವನೂ ಅದೇ ಊರಿನವನೋ ಪಕ್ಕದ ಊರಿನವನೋ ಆಗಿರುತ್ತಾನೆ. ಅವನ ಮನೆ ಎಲ್ಲರಿಗೂ ಗೊತ್ತು. ಎಷ್ಟೋ ಸಲ ಅವನಿಗೂ ಮೇಲಿಂದ ಬಂದಿರುವುದಿಲ್ಲ, ಮುಖ ತೋರಿಸಲಾಗದೆ ಫೋನ್ ಆಫ್ ಮಾಡಿರುತ್ತಾನೆ. ಅವನನ್ನು ಕಳ್ಳ ಅಂತ ಕೂಗಾಡಿದರೆ ಮೇಲಿನವರಿಗೆ ಆರಾಮ. ಅವರಿಗೆ ಬೇಕಾಗಿರುವುದೂ ಅದೇ.

ಹಾಜರಿಗೆ ಬರೋಣ. ಮೇಸ್ತ್ರಿ ಹತ್ತಿರ ಒಂದು ಪುಸ್ತಕ ಇರುತ್ತದೆ, ಅದು ಈಗ ಸಿಗಲ್ಲ. ಆದರೆ ನಮ್ಮ ಕಡೆಯವರು ತಮ್ಮದೂ ಒಂದು ಲೆಕ್ಕ ಇಟ್ಟಿರುತ್ತಾರೆ. ಮಕ್ಕಳ ನೋಟ್‌ಬುಕ್ ಇರಬಹುದು, ಇಲ್ಲ ಶೆಡ್ಡಿನ ತಗಡಿಗೆ ತೂಗುಹಾಕಿದ ಕ್ಯಾಲೆಂಡರ್. ಪೂರ್ತಿ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು. ಓಟಿ ಇದ್ದರೆ ಮೇಲೆ ಸಣ್ಣ ಅಂಕಿ. ಖರ್ಚಿ ತೆಗೆದುಕೊಂಡ ದಿನಕ್ಕೆ ಸುತ್ತ ಗೆರೆ. ಪ್ರತಿ ಹಾಳೆಯ ಫೋಟೊ ತೆಗೆಯಿರಿ. ಬೇಗ ತೆಗೆಯಿರಿ, ಯಾಕಂದರೆ ಕ್ಯಾಲೆಂಡರ್ ಹಾಳೆ ಒಲೆ ಹಚ್ಚುವುದಕ್ಕೂ ಆಗುತ್ತದೆ.

ಇನ್ನೊಂದು ಗಮನಿಸಿ. ಗಂಡ ಹೆಂಡತಿ ಇಬ್ಬರೂ ದುಡಿದಿದ್ದರೂ ಹಾಜರಿಯಲ್ಲಿ "ಭೀಮಪ್ಪ 2" ಅಂತ ಇರುತ್ತದೆ. ಆ ಎರಡನೆಯವಳಿಗೆ ಹೆಸರೇ ಇಲ್ಲ. ಅರ್ಜಿ ಬರೆಯುವಾಗ ಪ್ರತಿ ಹೆಂಗಸಿನ ಹೆಸರು, ಕೆಲಸ, ದಿನ ಬೇರೆಯಾಗಿ ಬರೆಸಿ. ಇಲ್ಲದಿದ್ದರೆ ಅರ್ಧ ಕೂಲಿ ಅಲ್ಲೇ ಹೋಯಿತು.

ಖರ್ಚಿ ಫೋನ್‌ಪೇಯಲ್ಲಿ ಬಂದಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಯಾರ ಹೆಸರಿಂದ ಬಂದಿದೆ ನೋಡಿ. ಬಹಳ ಸಲ ಮೇಸ್ತ್ರಿಯದ್ದಲ್ಲ, ಸಬ್‌ನವನ ಹೆಸರು ಇರುತ್ತದೆ. ಅಲ್ಲಿಗೆ ಒಂದು ಮೆಟ್ಟಿಲು ಹತ್ತಿದ ಹಾಗೆ.

ಈಗ ಯಾರನ್ನು ಹಿಡಿಯಬೇಕು ಅನ್ನುವುದು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ವಹಿಸಿದ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಅದನ್ನು ಗುತ್ತಿಗೆದಾರನ ಬಾಕಿಯಲ್ಲಿ ಹಿಡಿದುಕೊಳ್ಳಬಹುದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿದ್ದ ಈ ನಿಯಮ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಚರಂಡಿ ಸರ್ಕಾರಿ ಕೆಲಸ ಅಂದಮೇಲೆ ಮೂಲ ಮಾಲೀಕ ಯಾರು ಅಂತ ಹುಡುಕಬೇಕಾಗಿಲ್ಲ. ಸೈಟಿನ ಬೋರ್ಡಿನಲ್ಲಿ ಕಾಮಗಾರಿ ಹೆಸರು, ಗುತ್ತಿಗೆದಾರ, ಎಂಜಿನಿಯರ್ ವಿವರ ಇರುತ್ತದೆ. ಒಂದು ಅರ್ಜಿ ಆ ಎಂಜಿನಿಯರ್‌ಗೆ, ಅದರದ್ದೇ ಪ್ರತಿ ಕಾರ್ಮಿಕ ನಿರೀಕ್ಷಕರಿಗೆ. ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. "ಕೂಲಿ ಬಾಕಿ ಇದೆ, ಚುಕ್ತಾ ಆಗುವವರೆಗೆ ಬಿಲ್ ತಡೆಹಿಡಿಯಿರಿ" ಅಂತ ಸ್ಪಷ್ಟವಾಗಿ ಬರೆಸಿ. ಬಿಲ್ ನಿಂತಿತು ಅಂದರೆ ಸ್ವಿಚ್ ಆಫ್ ಆದ ಫೋನುಗಳೆಲ್ಲ ತಾವೇ ಆನ್ ಆಗುತ್ತವೆ.

ಅರ್ಜಿ ಅವರ ಹೆಸರಲ್ಲೇ ಇರಲಿ, ಸಹಿಯೋ ಹೆಬ್ಬೆಟ್ಟೋ ಅವರದ್ದೇ ಇರಲಿ. ನಿಮ್ಮ ಫೋನ್ ನಂಬರ್ ಮಾತ್ರ ಕೊಡಿ. ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಮಾಡಿ, ಅದು ಉಚಿತ. ಮತ್ತೆ ದಯವಿಟ್ಟು ಆ ಶೆಡ್ ತೆಗೆಸುವವರನ್ನು ಸ್ವಲ್ಪ ದಿನ ಸುಮ್ಮನಿರಿಸಿ. ಶೆಡ್ ಹೋದರೆ ಜನ ಚದುರುತ್ತಾರೆ, ಜನ ಚದುರಿದರೆ ಕೇಸೂ ಹೋಯಿತು.

ಮಾಲ್ಡಾ ಹುಡುಗರ ಕಥೆ ಬೇರೆ. ಅವರು ಜಾಸ್ತಿ ದಿನ ಕಾಯಲ್ಲ. ಇನ್ನೊಂದು ಸೈಟಿಂದ ಕರೆ ಬಂದರೆ ರಾತ್ರಿಯೇ ಹೋಗುತ್ತಾರೆ. ಬಂಗಾಳಿ ಮಾತಾಡಿದರೆ ಸಾಕು, ಯಾವ ದೇಶದವನು ಅಂತ ಕೇಳುವ ಜನ ಇದ್ದಾರೆ, ಹಾಗಾಗಿ ಸ್ಟೇಷನ್, ಆಫೀಸು ಅಂದರೆ ಹಿಂದೇಟು. ಅವರು ಹೊರಡುವ ಮೊದಲು ಹೆಸರು, ಊರಿನ ವಿಳಾಸ, ಬ್ಯಾಂಕ್ ಖಾತೆ ಬರೆದಿಟ್ಟುಕೊಳ್ಳಿ.

ಜಯನಗರ 4ನೇ ಬ್ಲಾಕ್:

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಊರಲ್ಲೇ ನರೇಗಾ ಕೆಲಸ ಇತ್ತಲ್ವಾ? ಸರ್ಕಾರ ಅಷ್ಟೊಂದು ಕೊಟ್ಟಮೇಲೂ ಇಲ್ಲಿ ಬಂದು ಶೆಡ್ ಹಾಕಿಕೊಂಡು ಒದ್ದಾಡುವುದು ಯಾಕೆ? ಸಿಟಿಗೂ ಭಾರ.

ಲಿಂಗಸುಗೂರು ಟೈಮ್ ಕೀಪರ್:

ಬೇಜಾರೇನಿಲ್ಲ ಸರ್. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದೂ ವರ್ಷಕ್ಕೆ ಒಂದು ಕುಟುಂಬಕ್ಕೆ 100 ದಿನ, ಗಂಡ ಹೆಂಡತಿ ಮಗ ಸೊಸೆ ಎಲ್ಲರಿಗೂ ಸೇರಿ. ಹತ್ತಿ ಬಿಡಿಸಿದ್ದು, ತೊಗರಿ ಕೊಯ್ದಿದ್ದು ಮುಗಿದರೆ ಹೊಲದಲ್ಲಿ ಏನೂ ಇರಲ್ಲ. ಮಗಳ ಮದುವೆ ಸಾಲ ಮಾತ್ರ ಇರುತ್ತದೆ. ಇಲ್ಲಿ ದಿನಗೂಲಿ ಅದರ ದುಪ್ಪಟ್ಟು ಹೇಳುತ್ತಾರೆ, ಬರುತ್ತಾರೆ. ಯುಗಾದಿಗೆ, ಅಲಾಯಿ (ಮೊಹರಂ) ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಮಳೆ ಬಿದ್ದರೆ ಹೊಲಕ್ಕೆ, ಇಲ್ಲದಿದ್ದರೆ ಮತ್ತೆ ಬಸ್ಸಿಗೆ.

ಭಾರ ಅಂದಿರಲ್ಲ, ಅದಕ್ಕೆ ಒಂದು ನೆನಪಿಸುತ್ತೇನೆ. 2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಲ್ಲಿ, ಇವರೇ ಊರಿಗೆ ಹೋಗುತ್ತೇವೆ ಅಂತ ಹೊರಟಾಗ, ಬಿಲ್ಡರ್‌ಗಳ ಜೊತೆ ಸಭೆ ಆದಮೇಲೆ ರಾಜ್ಯ ಸರ್ಕಾರ ಶ್ರಮಿಕ ರೈಲುಗಳನ್ನೇ ಬೇಡ ಅಂದಿತ್ತು. ದೇಶವೆಲ್ಲ ಗಲಾಟೆ ಆದಮೇಲೆ ಮತ್ತೆ ಬಿಟ್ಟರು. ಭಾರ ಆಗಿದ್ದರೆ ಖುಷಿಯಿಂದ ಕಳಿಸುತ್ತಿದ್ದರು ಅಲ್ವಾ?

ಇನ್ನು ಸರ್ಕಾರ ಕೊಟ್ಟದ್ದು. 1996ರ ಸೆಸ್ ಕಾನೂನಿನ ಕಾಲದಿಂದಲೂ ಕಟ್ಟಡ ಕೆಲಸದ ವೆಚ್ಚದ ಮೇಲೆ ಕನಿಷ್ಠ ಶೇ. 1 ಕಾರ್ಮಿಕರ ಕಲ್ಯಾಣಕ್ಕೆ ಅಂತ ಹಿಡಿಯುತ್ತಾರೆ. ಸರ್ಕಾರಿ ಕೆಲಸದಲ್ಲಿ ಅದು ಬಿಲ್ಲಿನಲ್ಲೇ ಕಟ್ ಆಗುತ್ತದೆ. ಆ ಚರಂಡಿಯ ಬಿಲ್ಲಿನಲ್ಲೂ ಆಗುತ್ತದೆ. ಕಲ್ಯಾಣ ಮಂಡಳಿಯ ಕಾರ್ಡು ಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಡಬೇಕು. ಹೊರರಾಜ್ಯದವರಿಗೂ ಸಿಗುತ್ತದೆ. ಆದರೆ ದಾಖಲೆಗೆ ಸಹಿ ಹಾಕಬೇಕಾದವನು ಯಾರು? ಸಹಿ ಹಾಕಿದರೆ ಇವರೆಲ್ಲ ನನ್ನ ಕೆಲಸದವರು ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಹಾಕಲ್ಲ. ದೊಡ್ಡ ಸೈಟುಗಳಲ್ಲಿ ಗೇಟ್ ಪಾಸು, ಹೆಲ್ಮೆಟ್ಟು, ಪಿಎಫ್ ನಂಬರ್ ಎಲ್ಲ ಇರುತ್ತದೆ. ಅಡ್ಡರಸ್ತೆ ಚರಂಡಿಯಲ್ಲಿ ಇಳಿದವನಿಗೆ ಒಂದು ಚೀಟಿಯೂ ಇಲ್ಲ.

ಅಂಗನವಾಡಿ ಟೀಚರ್, ಬಾಗಲೂರು ಕಡೆ:

ಮೇಡಂ, ಅಕ್ಕಿ ವಿಷಯ. ಅವರ ರೇಷನ್ ಕಾರ್ಡ್ ಯಾದಗಿರಿಯದ್ದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ತೆಗೆದುಕೊಳ್ಳಬಹುದು. ಬಂಗಾಳದ ಕಾರ್ಡಿಗೂ ಕೇಂದ್ರದ ಪಾಲು ಸಿಗುತ್ತದೆ. ಪೂರ್ತಿ ಒಟ್ಟಿಗೆ ತೆಗೆಯಬೇಕಾಗಿಲ್ಲ, ಊರಲ್ಲಿರುವ ಮುದುಕರಿಗೆ ಸ್ವಲ್ಪ ಉಳಿಸಬಹುದು. ತಿಂಗಳ ಕೊನೆಗೆ ಹೋದರೆ ಸ್ಟಾಕ್ ಇಲ್ಲ ಅನ್ನುತ್ತಾರೆ, ಬೇಗ ಕಳಿಸಿ.

ಮಕ್ಕಳಿದ್ದಾರಾ? ಆರು ವರ್ಷದೊಳಗಿನವರನ್ನು ಹತ್ತಿರದ ಅಂಗನವಾಡಿಗೆ ಕರೆದುಕೊಂಡು ಹೋಗಿ. ದೊಡ್ಡವರಿಗೆ ಸರ್ಕಾರಿ ಶಾಲೆ. ಟಿಸಿ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಕೆಲಸ ಮತ್ತೆ ಶುರುವಾದರೆ ತೆರೆದ ಗುಂಡಿ ಪಕ್ಕ ಮಕ್ಕಳನ್ನು ಮಲಗಿಸುತ್ತಾರೆ, ಅದಕ್ಕಾದರೂ ಕಳಿಸಿ.

ಹೊರಮಾವು ಮನೆಯಾಕೆ:

ಎಲ್ಲರಿಗೂ ಥ್ಯಾಂಕ್ಸ್. ಟೈಮ್ ಕೀಪರ್ ಅವರೇ, ಹೇಳಿದ ಹಾಗೇ ಇದೆ! ನಾಲ್ಕು ಶೆಡ್ಡಿನಲ್ಲಿ ಕ್ಯಾಲೆಂಡರ್ ಸಿಕ್ಕಿತು. ಒಂದರಲ್ಲಿ ಜನವರಿ ಹಾಳೆ ಹರಿದುಹೋಗಿದೆ, ಮಿಕ್ಕಿದ್ದೆಲ್ಲ ಫೋಟೊ ತೆಗೆದೆ. ಗೀಟಿನ ಜೊತೆ ಎರಡು ಚುಕ್ಕಿಯೂ ಇತ್ತು. ಏನಂತ ಕೇಳಿದರೆ ರಾತ್ರಿ ಕಾಂಕ್ರೀಟ್ ಹಾಕಿದ ದಿನವಂತೆ. ಖರ್ಚಿ ಬಂದಿರುವುದು ಮೇಸ್ತ್ರಿಯಿಂದಲ್ಲ, ಇವರು ಯಾರೂ ಕೇಳಿರದ ಹೆಸರಿನ ಖಾತೆಯಿಂದ. ಬೋರ್ಡು ಮಣ್ಣಿನ ಗುಡ್ಡೆ ಹಿಂದೆ ಬಿದ್ದಿತ್ತು. ನನ್ನ ಮಗ ಹೋಗಿ ಎತ್ತಿ ಫೋಟೊ ತೆಗೆದ.

ಹೆಂಗಸರ ಹೆಸರು ಬೇರೆ ಬರೆಸುತ್ತಿದ್ದೇವೆ. ಇಬ್ಬರು ಗಂಡಸರು ಅದೆಲ್ಲ ಯಾಕೆ ಅಂತ ಗೊಣಗಿದರು. ಗೇಟಿಗೆ ಬಂದಿದ್ದ ಆಕೆಯೇ "ಮಣ್ಣು ನಾ ಹೊತ್ತಿಲ್ಲೇನು?" ಅಂತ ಬಾಯಿ ಮುಚ್ಚಿಸಿದರು. ಎಂಜಿನಿಯರ್ ಫೋನಿಗೆ ಸಿಕ್ಕರು, ಸೋಮವಾರ ಅರ್ಜಿ ತನ್ನಿ ಅಂದಿದ್ದಾರೆ.

ಈಗ ತುರ್ತಾಗಿ ಒಂದು ಸಹಾಯ ಬೇಕು. ಮಾಲ್ಡಾ ಹುಡುಗರಲ್ಲಿ ಮೂವರಿಗೆ ಹಿಂದಿಯೂ ಸರಿಯಾಗಿ ಬರಲ್ಲ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಂದು ಅವರ ಲೆಕ್ಕ ಕೇಳಿ ಬರೆದುಕೊಡುವವರು, ಬಂಗಾಳಿ ಗೊತ್ತಿರುವವರು, ಇಲ್ಲಿ ಯಾರಾದರೂ ಇದ್ದೀರಾ? ಟೀ, ತಿಂಡಿ ನಮ್ಮ ಮನೆಯಲ್ಲಿ.